ಅಕ್ಕನ ಮಧ್ಯಾಹ್ನದ ನಿದ್ದೆ ಮತ್ತು ಮನೆಬಸ್ಸಿನ ಜನರೇಟರು

ಶ್ರೀರಂಗಪಟ್ಟಣದ ಹೊರಗೆ ಹೆದ್ದಾರಿಗೆ ಅಂಟಿಕೊಂಡಂತಿರುವ ನನ್ನ ಶೆಡ್ಡಿನ ಮುಂದೆ ಆ ಬೆಳಗ್ಗೆ ನಾವು ನಾಲ್ಕು ಜನ ನಿಂತಿದ್ದೆವು. ಶೀಳನೆರೆ ಕಡೆಯ ಒಬ್ಬ ರೈತರು, ಅವರ ಹೆಂಡತಿ, ಆಕೆಯ ತಮ್ಮ, ಮತ್ತು ನಾನು. ನಮ್ಮ ನಡುವೆ, ಹೆಣ್ಣು ನೋಡಲು ಬಂದವರೆದುರು ಕೂತ ಹುಡುಗಿಯ ಹಾಗೆ, ಹೊಸ ಬಣ್ಣ ಬಳಿದುಕೊಂಡು ಒಂದು ಮಿನಿ ಬಸ್ಸು ನಿಂತಿತ್ತು. ಯಾವುದೋ ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸೋತು ಮಾರಾಟಕ್ಕೆ ಬಂದಿದ್ದ ಗಾಡಿ. ಅದನ್ನು ಆ ರೈತರು, ಅಂದರೆ ನಮ್ಮ ಯಜಮಾನರು, ಕೊಂಡು, ಸೀಟು ಕೀಳಿಸಿ, ಮಂಚ, ಅಡಿಗೆ ಕಟ್ಟೆ, ನೀರಿನ ಟ್ಯಾಂಕು, ಮೂಲೆಯಲ್ಲೊಂದು ಪುಟ್ಟ ಬಚ್ಚಲು ಎಲ್ಲವನ್ನೂ ಕೂರಿಸಿ, ಸಾರಿಗೆ ಕಚೇರಿಯ ಕಾಗದಪತ್ರವನ್ನೂ ಮುಗಿಸಿ ಮನೆ ಮಾಡಿದ್ದರು. ಉಳಿದಿದ್ದದ್ದು ಕರೆಂಟು.

ನನ್ನ ಕಸುಬು ಗಾಡಿಗಳಿಗೆ ವೈರಿಂಗ್ ಮಾಡುವುದು. ಐಸ್‌ಕ್ರೀಂ ಗಾಡಿ, ಆರ್ಕೆಸ್ಟ್ರಾದವರ ಗಾಡಿ, ಪ್ರಚಾರದ ಜೀಪು, ಇವೆಲ್ಲ ನನ್ನ ಕೈಯಲ್ಲಿ ಹಾದುಹೋಗಿವೆ. ಮನೆಯನ್ನೇ ಹೊತ್ತು ತಿರುಗುವ ಬಸ್ಸು ಮಾತ್ರ ಅದೇ ಮೊದಲು. ಅದಕ್ಕೇ ನನಗೆ ಕೆಲಸಕ್ಕಿಂತ ಹೆಚ್ಚಾಗಿ ಕುತೂಹಲವೇ ಆಗಿತ್ತು.

"ಒಂದ್ ಒಳ್ಳೆ ಜನರೇಟ್ರು ನೋಡಿ ಕೂರಿಸ್ಕೊಡಪ್ಪ. ಐದು ಎಚ್‌ಪಿದು ಆದ್ರೆ ಸಾಕಾ?" ಅಂದರು ಯಜಮಾನರು.

"ಎಚ್‌ಪಿ ಲೆಕ್ಕ ಅಲ್ಲ ಕಣಣ್ಣ. ಒಳಗೆ ಏನೇನು ಓಡ್ಬೇಕು ಅನ್ನೋದು ಲೆಕ್ಕ."

"ಅದೇನೋ ನಂಗೊತ್ತಿಲ್ಲ. ಎರಡಿಂಚು ನೀರು ದಬದಬ ಅಂತ ಎತ್ಬೇಕು, ಅಂಗಿರ್ಬೇಕು ಮಿಷನ್ನು."

"ಭಾವ, ಬಸ್ಸೊಳ್ಗೆ ಬೋರ್‌ವೆಲ್ ತೆಗ್ಸಿದ್ದೀರಾ ಎತ್ತಕ್ಕೆ?" ಅಂದ ಭಾಮೈದ. ಗಾಡಿ ಓಡಿಸುವವನು ಅವನೇ.

"ಸುಮ್ಕಿರ್ಲಾ ಲೇ. ಮಾತ್ಗೆ ಅಂದೆ."

ಅಷ್ಟರಲ್ಲಿ ಯಜಮಾನರ ಹೆಂಡತಿ ಬಸ್ಸಿನ ಒಳಗೆ ಹತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆದದ್ದು, ಇಲ್ಲೂ ಹಾಗೇ ಕರೆಯುತ್ತೇನೆ. ಮಂಚವನ್ನು ಅಂಗೈಯಿಂದ ಅದುಮಿ ನೋಡಿದರು. ಕಿಟಕಿ ಸರಿಸಿದರು, ಮುಚ್ಚಿದರು. ಆಮೇಲೆ ಮೆಟ್ಟಿಲಲ್ಲಿ ಕೂತು ನನ್ನ ಕಡೆ ತಿರುಗಿ ಹೇಳಿದರು:

"ನೋಡಪ್ಪ, ನಂಗೆ ಅರೆತಲೆನೋವು ಅದೆ. ಒಂದ್ ರಾತ್ರಿ ನಿದ್ದೆ ಕೆಟ್ರೆ ಮೂರ್ ದಿನ ತಲೆ ಎತ್ತಕ್ಕಾಗಲ್ಲ. ಇದ್ರೊಳ್ಗೆ ಮನಗಿ ನೋಡ್ತೀನಿ. ನಿದ್ದೆ ಬಂತಾ, ಬತ್ತೀನಿ. ಬರ್ನಿಲ್ವಾ, ಭಾವ ಭಾಮೈದ ಇಬ್ರೂ ಓಗ್ಬನ್ನಿ, ನಾನು ನನ್ ಹಸ ನೋಡ್ಕಂಡು ಮನೇಲಿರ್ತೀನಿ."

ಮನೆಯಲ್ಲಿ ಸೀಮೆ ಹಸುಗಳು. ಬೆಳಗ್ಗೆ ಕರೆಯಬೇಕು, ಸಂಜೆ ಕರೆಯಬೇಕು, ಎರಡು ಹೊತ್ತೂ ಡೈರಿಗೆ ಹಾಲು ಹಾಕಬೇಕು. ಮದುವೆಯಾಗಿ ಬಂದಮೇಲೆ ಬಾಣಂತನಕ್ಕೆ ತವರಿಗೆ ಹೋಗಿ ಮಲಗಿದ್ದು ಬಿಟ್ಟರೆ, ಹೊರಗೆ ರಾತ್ರಿ ಕಳೆದದ್ದು ಅಕ್ಕನಿಗೆ ನೆನಪೇ ಇಲ್ಲ. ಈಗ ಓರಗಿತ್ತಿ ಹಾಲು ಕರೆಯಲು ಒಪ್ಪಿದ್ದಾಳೆ, ಅದರಿಂದ ಈ ಮಾತು ಇಲ್ಲಿಗೆ ಬಂದು ನಿಂತಿದೆ. ಎಲ್ಲಿಗೆ ಹೋಗುವ ಆಸೆ ಅಕ್ಕ ಎಂದು ಕೇಳಿದೆ. ಅವರು ದೇವಸ್ಥಾನದ ಹೆಸರು ಹೇಳುತ್ತಾರೆ ಅಂದುಕೊಂಡಿದ್ದೆ.

"ನಮ್ ಹೇಮಾವತಿ ನೀರು ಕಾವೇರಿಗೆ ಸೇರ್ತದಲ್ಲ, ಅದು ಅಂಗೇ ಓಗ್ತಾ ಓಗ್ತಾ ಕೊನೇಗೆ ಏನಾಯ್ತದೆ ಅಂತ ನೋಡ್ಬೇಕು ಕಣಪ್ಪ. ಅದ್ರ ಪಕ್ಕದಲ್ಲೇ ಓಗ್ಬೇಕು, ಬಸ್ಸು ನಿಲ್ಸ್ಕಂಡು ನಿಲ್ಸ್ಕಂಡು."

ಅವರು ನಲ್ಲಿಯ ಕಡೆ ಹೋದಾಗ ಯಜಮಾನರು ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. "ಅವಳ್ಗೇ ಅಂತ ಮಾಡ್ಸಿದ್ದು ಇದು. ಅವಳು ಬರಾಕಿಲ್ಲ ಅಂದ್ರೆ ಕೋಳಿ ಸಾಕ್ಬುಡ್ತೀನಿ ಇದ್ರೊಳ್ಗೆ. ಅರ್ಥ ಆಯ್ತಾ? ನಿದ್ದೆ ಬರ್ಬೇಕು ಅವಳ್ಗೆ."

ಅರ್ಥವಾಯಿತು. ಜನರೇಟರ್ ಆರಿಸುವ ಕೆಲಸ ಎಂದುಕೊಂಡು ನಾನು ಕೈಹಾಕಿದ್ದು ನಿದ್ದೆಯನ್ನು ಜೋಡಿಸಿಕೊಡುವ ಕೆಲಸವಾಗಿತ್ತು.

ಮೊದಲು ಕರೆಂಟಿನ ಹೊರೆ ಲೆಕ್ಕ ಹಾಕಿದೆ. ಫ್ರಿಜ್ಜು, ಮಿಕ್ಸಿ, ಫ್ಯಾನು, ದೀಪ, ಟಿವಿ, ನೀರು ತಳ್ಳುವ ಪುಟ್ಟ ಪಂಪು, ಮುಂದೆ ಹಾಕಿಸಬೇಕೆಂದಿದ್ದ ಏಸಿ, ಕರೆಂಟ್ ಒಲೆ. ಇವುಗಳಲ್ಲಿ ಒಂದೊಂದೂ ಓಡುವಾಗ ಎಳೆಯುವ ಕರೆಂಟು ಬೇರೆ, ಹೊರಡುವಾಗ ಎಳೆಯುವುದು ಬೇರೆ. ಕಬ್ಬು ತುಂಬಿದ ಗಾಡಿಯನ್ನು ಎಳೆದು ಹೊರಡಿಸುವಾಗ ಎತ್ತುಗಳು ಮಂಡಿಯೂರುವಷ್ಟು ಬಗ್ಗುತ್ತವೆ, ಉರುಳಲು ಶುರುವಾದ ಮೇಲೆ ಬಾಲ ಆಡಿಸಿಕೊಂಡು ನಡೆಯುತ್ತವೆ. ಮೋಟಾರೂ ಹಾಗೇ. ಜನರೇಟರು ಆ ಮೊದಲ ಎಳೆತಕ್ಕೆ ತಡೆಯಬೇಕು.

ಕರೆಂಟ್ ಒಲೆಯ ವಿಷಯ ಅಕ್ಕನೇ ಮುಗಿಸಿದರು. ಅಡಿಗೆ ಕಟ್ಟೆಯ ಮೇಲೆ ಅದನ್ನು ಇಟ್ಟು ತೋರಿಸಿದೆ. ಅವರು ಅದರ ಗಾಜಿನ ಮೇಲೆ ಬೆರಳಾಡಿಸಿ ನಕ್ಕರು.

"ಇದ್ರ ಮೇಲೆ ಮುದ್ದೆ ಎಂಗಪ್ಪ ತೊಳ್ಸೋದು? ಪಾತ್ರೆಗೆ ಕವೆಗೋಲು ಕೊಟ್ಟು, ಕಾಲಲ್ಲಿ ಅದುಮ್ಕಂಡು, ಹಿಟ್ಟಿನ ಕೋಲಲ್ಲಿ ತಿರುವಿದ್ರೆ ಗಾಜು ಪುಡಿಪುಡಿ ಆಗೋಯ್ತದೆ. ಗ್ಯಾಸ್ ಒಲೆ ಮಡಗು ಸಾಕು. ಹಿಟ್ಟನ್ನ ನಾನು ಕೆಳಗೆ ನೆಲದ ಮೇಲೆ ಕುಂತು ತೊಳ್ಸ್ತೀನಿ."

ಎಲ್ಲಕ್ಕಿಂತ ಹೆಚ್ಚು ಕರೆಂಟು ತಿನ್ನುವುದೇ ಆ ಒಲೆ. ಅದು ಹೋಯಿತು, ನನ್ನ ಲೆಕ್ಕ ಅರ್ಧಕ್ಕೆ ಇಳಿಯಿತು. ಖುಷಿಯಲ್ಲಿರುವಾಗಲೇ ಯಜಮಾನರು ಇನ್ನೊಂದು ಹೇರಿದರು.

"ಇನ್ನೊಂದದೆ. ಊರಲ್ಲಿದ್ದಾಗ ಜನರೇಟ್ರು ಸುಮ್ಕೆ ಕುಂತಿರ್ಬಾರ್ದು. ಕರೆಂಟ್ ಇಲ್ದಾಗ ಮೇವು ಕತ್ರಿಸೋ ಮಿಷನ್ನೂ ಓಡಿಸ್ಬೇಕು ಅದು."

ನಮ್ಮ ಸೀಮೆಯಲ್ಲಿ ಒಂದೇ ಕೆಲಸಕ್ಕೆಂದು ಯಾರೂ ಏನನ್ನೂ ಕೊಳ್ಳುವುದಿಲ್ಲ. ಟ್ರಾಕ್ಟರು ಉಳುತ್ತದೆ, ಕಬ್ಬು ಹೊರುತ್ತದೆ, ಮದುವೆಗೆ ನೆಂಟರನ್ನು ತುಂಬಿಕೊಂಡು ಹೋಗುತ್ತದೆ. ಬರೀ ಸುತ್ತಾಡಲು ಒಂದು ಎಂಜಿನ್ ಕೊಂಡೆವು ಎಂದರೆ ಊರಿನ ಜಗಲಿಯ ಮೇಲೆ ಮುಖವಿಟ್ಟುಕೊಂಡು ಕೂರಲಾಗುವುದಿಲ್ಲ. ದನದ ಮೇವಿನ ಹೆಸರು ಹೇಳಿದರೆ ಯಾರೂ ತಕರಾರು ತೆಗೆಯುವುದಿಲ್ಲ. ಯಜಮಾನರ ಕಷ್ಟ ನನಗೆ ತಿಳಿಯುತ್ತಿತ್ತು, ಆದ್ದರಿಂದ ಬೇಡ ಅನ್ನಲಿಲ್ಲ.

ಪರೀಕ್ಷೆ ಅವರ ಮನೆಯ ಮುಂದಿನ ಕಣದಲ್ಲೇ ಎಂದು ತೀರ್ಮಾನವಾಯಿತು. ಅಕ್ಕ ಊಟ ಮುಗಿಸಿ, ಸಂಜೆ ಹಾಲು ಕರೆಯುವ ಹೊತ್ತಿನ ತನಕ ಬಸ್ಸಿನೊಳಗೆ ಮಲಗುವುದು. ನಾವು ಹೊರಗೆ ಕಾಯುವುದು.

ಮೊದಲ ಸಲ ಸಂತೆಬಾಚಹಳ್ಳಿಯ ಶಾಮಿಯಾನದವರೊಬ್ಬರಿಂದ ಡೀಸೆಲ್ ಜನರೇಟರು ಬಾಡಿಗೆಗೆ ತಂದೆವು. ಮದುವೆ ಚಪ್ಪರಗಳಿಗೆ ದೀಪ ಹತ್ತಿಸಿ ಹತ್ತಿಸಿ ಮಸಿ ಹಿಡಿದ ಮಿಷನ್ನು. ಬಸ್ಸಿನ ಹಿಂಭಾಗದ ಚಾಸಿಗೆ ಅಡ್ಡ ಕಬ್ಬಿಣ ಕೊಟ್ಟು ಅದನ್ನು ಕೂರಿಸಿದಾಗಲೇ ಹಿಂದಿನ ಪಟ್ಟಾ ಸ್ಪ್ರಿಂಗು ಕುಗ್ಗಿತು. ಮೂತಿ ಮೇಲೆತ್ತಿ ಬಸ್ಸು ಆಕಾಶ ನೋಡತೊಡಗಿತು. ಯಜಮಾನರು ಮಾತ್ರ ಮೊದಲು ಮೇವಿನ ಮಿಷನ್ನಿಗೇ ವೈರು ಎಳೆಸಿದರು. ಸ್ವಿಚ್ಚು ಒತ್ತಿದರೆ ಜನರೇಟರು ಒಂದು ಸಲ ಉಸಿರು ಬಿಗಿಹಿಡಿದು ಗುಡುಗಿತು, ಜೋಳದ ಕಡ್ಡಿ ಕಚಕಚ ಉದುರಿತು.

"ನೋಡ್ಲಾ! ಇದು ಮಿಷನ್ನು!" ಎಂದು ಅವರು ಭಾಮೈದನ ಬೆನ್ನಿಗೆ ಬಾರಿಸಿದರು.

"ಬೆನ್ನು ನಂದು ಭಾವ, ಬಸ್ಸಿಂದಲ್ಲ," ಅಂದ ಅವನು.

ಅಕ್ಕ ಹೋಗಿ ಮಲಗಿದರು. ಆ ಸದ್ದಿಗೆ ಕಣದ ಅಂಚಿನ ಕೋಳಿಗಳೇ ದೂರ ಹೋಗಿದ್ದವು. ಈಗ ಎದ್ದು ಬರುತ್ತಾರೆ, ಇನ್ನೇನು ಬೈಯುತ್ತಾರೆ ಎಂದು ನಾವು ಬಾಗಿಲ ಕಡೆಯೇ ನೋಡುತ್ತಿದ್ದೆವು. ಬರಲಿಲ್ಲ. ಭಾಮೈದ ಕಿಟಕಿಯಿಂದ ಇಣುಕಿ, ಕಣ್ಣು ಅಗಲಿಸಿ ಬಂದ. "ಗೊರಕೆ ಒಡೀತಾವ್ಳೆ!"

ಯಜಮಾನರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ನನಗೆ ನಂಬಲಾಗಲಿಲ್ಲ.

ಆದರೆ ಎದ್ದು ಬಂದ ಅಕ್ಕನ ಮುಖ ಸಪ್ಪಗಿತ್ತು. ಮೆಟ್ಟಿಲು ಹಿಡಿದುಕೊಂಡು ಇಳಿದರು. "ನಿದ್ದೆ ಏನೋ ಬಂತು. ಏಳುವಾಗ ತಲೆ ಒಳ್ಗೆ ಒನಕೆಲಿ ಕುಟ್ದಂಗದೆ. ಒಳ್ಗೆಲ್ಲ ಕಮಟು ವಾಸ್ನೆ."

ನಾನು ಓಡಿಹೋಗಿ ಎಂಜಿನ್ ನಿಲ್ಲಿಸಿದೆ. ಎಂಜಿನ್ನಿನ ಹೊಗೆಯಲ್ಲಿ ನಮಗೆ ವಾಸನೆ ಹೊಡೆಯುವ ಭಾಗ ಅಷ್ಟು ಕೆಟ್ಟದ್ದಲ್ಲ. ವಾಸನೆಯೂ ಬಣ್ಣವೂ ಇಲ್ಲದ ಒಂದು ವಿಷ ಅದರ ಜೊತೆಗೇ ಬರುತ್ತದೆ, ಮಲಗಿದವರನ್ನು ಮಲಗಿದ ಹಾಗೇ ಕರೆದುಕೊಂಡು ಹೋಗುತ್ತದೆ. ಕಿಟಕಿ ತೆರೆದಿತ್ತು, ಹಗಲಾಗಿತ್ತು, ನಾವು ಎದುರಿಗೇ ಇದ್ದೆವು, ಸದ್ಯ. ಅಕ್ಕನನ್ನು ಗಾಳಿಯಲ್ಲಿ ಕೂರಿಸಿ ಮಜ್ಜಿಗೆ ಕುಡಿಸಿ, ತಲೆಭಾರ ಇಳಿಯುವ ತನಕ ನಾನು ಊರು ಬಿಡಲಿಲ್ಲ. ಹೊಗೆ ಯಾವ ದಾರಿಯಲ್ಲಿ ಒಳಗೆ ಹೋಗುತ್ತಿದೆ ಎಂದು ಗೊತ್ತಾಗುವ ತನಕ ಬಸ್ಸಿಗೆ ಅಂಟಿಸಿಕೊಂಡು ಯಾವ ಎಂಜಿನ್ನನ್ನೂ ಓಡಿಸುವುದಿಲ್ಲ ಎಂದು ಅಲ್ಲೇ ಹೇಳಿಬಿಟ್ಟೆ.

ಆ ದಾರಿ ಹುಡುಕಿದ್ದು ಸಾಂಬ್ರಾಣಿಯಿಂದ. ಅಕ್ಕನ ಮನೆಯ ಧೂಪದ ಬಟ್ಟಲಲ್ಲೇ ಕೆಂಡ ಹಾಕಿ, ಮೇಲೆ ಒಂದು ಹಿಡಿ ಸಾಂಬ್ರಾಣಿ ಸುರಿದು, ಜನರೇಟರಿನ ಹೊಗೆ ಕೊಳವೆ ಇದ್ದ ಜಾಗದಲ್ಲಿ ಇಟ್ಟು ನಾನು ಒಳಗೆ ಮಂಡಿಯೂರಿ ಕೂತೆ.

"ಏನಣ್ಣ, ಬಸ್ಸಿಗೆ ದೃಷ್ಟಿ ತೆಗೀತಿದ್ದೀಯಾ? ಅಂಗೇ ಒಂದ್ ಕುಂಬಳಕಾಯಿನೂ ಒಡ್ದ್ಬುಡು," ಅಂದ ಭಾಮೈದ.

ಸ್ವಲ್ಪ ಹೊತ್ತಿಗೆ ಪಾತ್ರೆ ತೊಳೆಯುವ ಸಿಂಕಿನ ನೀರು ಹೋಗುವ ತೂತಿನಿಂದ ಬಿಳಿ ಎಳೆಯೊಂದು ಎದ್ದಿತು. ಹಿಂಬಾಗಿಲಿನ ರಬ್ಬರು ಸವೆದ ಕಡೆಯಿಂದ ಇನ್ನೊಂದು. ನಾಲೆಯ ಕಡೆಯಿಂದ ಬೀಸುವ ಗಾಳಿ ಬಸ್ಸಿನ ಹೊಟ್ಟೆಯ ಕೆಳಗೆ ನುಗ್ಗಿ, ಹೊಗೆಯನ್ನು ಮೇಲಕ್ಕೆ ಒತ್ತುತ್ತಿತ್ತು. ತೂತಿಗೆ ಬಗ್ಗಿದ ಪೈಪು ಹಾಕಿ, ಅದರಲ್ಲಿ ಸ್ವಲ್ಪ ನೀರು ನಿಂತು ಹೊಗೆಗೆ ಅಡ್ಡವಾಗುವಂತೆ ಮಾಡಿದೆ, ಬಾಗಿಲಿಗೆ ಹೊಸ ರಬ್ಬರು ಕೊಟ್ಟೆ. ಮತ್ತೆ ಸಾಂಬ್ರಾಣಿ ಇಟ್ಟರೆ ಬಹಳ ಕಡಿಮೆಯಾಗಿತ್ತು. ಪೂರ್ತಿ ನಿಂತಿರಲಿಲ್ಲ. ನೂರು ಕೀಲು ಇರುವ ಹಳೆಯ ಗಾಡಿಯ ಮೈ, ಎಲ್ಲವನ್ನೂ ಮುಚ್ಚುತ್ತೇನೆ ಅನ್ನುವುದು ಸುಳ್ಳು.

ಎರಡನೆಯದನ್ನು ನಾಗಮಂಗಲದಿಂದ ತಂದೆ. ಅಲ್ಲಿ ಮದುವೆ ವಿಡಿಯೋ ತೆಗೆಯುವ ಗೆಳೆಯನೊಬ್ಬನ ಬಳಿ ಪೆಟ್ರೋಲಿನಲ್ಲಿ ಓಡುವ ಪುಟ್ಟ ಜನರೇಟರು ಇತ್ತು, ಒಂದೇ ಕೈಯಲ್ಲಿ ಎತ್ತಿ ನಡೆಯಬಹುದಾದಂಥದ್ದು. ಇದರ ಜಾಣತನ ಏನೆಂದರೆ, ಹೊರೆ ಎಷ್ಟಿದೆಯೋ ಅಷ್ಟೇ ವೇಗದಲ್ಲಿ ಓಡುತ್ತದೆ. ಫ್ರಿಜ್ಜು ಹತ್ತಿಕೊಂಡರೆ ವೇಗ ಏರುತ್ತದೆ, ಆರಿದರೆ ತಾನೂ ಇಳಿದು ಗುಸುಗುಸು ಅನ್ನುತ್ತದೆ. ಪೆಟ್ರೋಲು ಉಳಿತಾಯ, ಸದ್ದೂ ಉಳಿತಾಯ.

"ಏನಪ್ಪಾ ಇದು, ಟಿಪನ್ ಕ್ಯಾರಿಯರ್ ತಂದಿದ್ದೀಯ?" ಅಂದರು ಯಜಮಾನರು. ಬೇಡ ಎಂದರೂ ಕೇಳದೆ ಮೇವಿನ ಮಿಷನ್ನಿಗೆ ಜೋಡಿಸಿದರು. ಮೋಟಾರು ಹೂಂ ಎಂದು ಒಂದು ಸುತ್ತು ತಿರುಗುವಷ್ಟರಲ್ಲಿ ಜನರೇಟರಿನ ಕೆಂಪು ದೀಪ ಹತ್ತಿತು, ಕರೆಂಟು ಕಡಿಯಿತು. ಅವರು ಅದರ ಕಡೆ ನೋಡಿದ ನೋಟ, ಹಾಲು ಕೊಡದೆ ಒದ್ದ ಹಸುವಿನ ಕಡೆ ನೋಡುವ ನೋಟ.

ಅದನ್ನು ಬಸ್ಸಿನಿಂದ ದೂರ, ಗಾಳಿ ಬೀಸಿಹೋಗುವ ದಿಕ್ಕಿನಲ್ಲಿ ಹೊಂಗೆ ಮರದ ಬುಡದಲ್ಲಿ ಇಟ್ಟು ಉದ್ದ ವೈರಿನಿಂದ ಫ್ರಿಜ್ಜಿಗೂ ದೀಪಕ್ಕೂ ಕರೆಂಟು ಕೊಟ್ಟೆ. ಒಳಗೆ ಹೊಸ ಮಾದರಿಯ ಫ್ಯಾನು, ತಿರುಗುತ್ತಿದೆ ಎಂದು ಕಣ್ಣಿಗೆ ಕಂಡರೆ ಉಂಟು, ಕಿವಿಗೆ ಇಲ್ಲ. ಮೊಬೈಲಿನಲ್ಲಿ ಸದ್ದು ಅಳೆಯುವುದೊಂದಿದೆ, ಅದರಲ್ಲಿ ನೋಡಿದರೆ ಡೀಸೆಲ್ಲಿನ ಮುಂದೆ ಇದು ಏನೂ ಅಲ್ಲ. ಈ ಸಲ ಅಕ್ಕ ಮಗುವಿನಂತೆ ಮಲಗುತ್ತಾರೆ ಎಂದುಕೊಂಡೆ.

ನಾವು ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಎದ್ದು ಬಂದರು.

"ಇಲ್ಲ ಕಣಪ್ಪ. ಕಣ್ಣು ಅಂಟಕ್ಕಿಲ್ಲ ಅಂತದೆ."

"ಸದ್ದು ಜಾಸ್ತಿಯಾ ಅಕ್ಕ?"

"ಸದ್ದೇ ಇಲ್ವಲ್ಲಪ್ಪ! ಅದೇನೋ ಗೊತ್ತಾಗ್ನಿಲ್ಲ. ಇನ್ನೇನು ನಿದ್ದೆ ಹತ್ತುತು ಅನ್ನೋವಾಗ ಯಾರೋ ಎಬ್ಬಿಸ್ದಂಗಾಯ್ತದೆ."

ಮಾರನೆಯ ದಿನ ಜನರೇಟರಿನ ಕೆಳಗೆ ರಬ್ಬರಿನ ಹಾಸು ಹಾಕಿದೆ. ಇಲ್ಲ. ಇನ್ನೊಂದು ದಿನ ಹುಲ್ಲಿನ ಮೆದೆಯ ಮರೆಗೆ ಸರಿಸಿದೆ. ಇಲ್ಲ. ಗುಡುಗಿದರೆ ನಿದ್ದೆ, ಪಿಸುಗುಟ್ಟಿದರೆ ಎಚ್ಚರ! ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಅನ್ನುತ್ತಿದ್ದಳು ನಮ್ಮಜ್ಜಿ. ಇಲ್ಲಿ ಎಡವಟ್ಟ ಯಾರು, ಮಿಷನ್ನೋ ನಾನೋ ಅಕ್ಕನೋ ತಿಳಿಯದಾಯಿತು.

ಅಕ್ಕ ಸೋತಿದ್ದರು. "ಬುಡಪ್ಪ, ಎಷ್ಟು ಅಂತ ಒದ್ದಾಡ್ತೀಯ. ಇವ್ರಿಬ್ರೂ ಓಗಿ ಬಂದು ಯೋಳ್ತಾರೆ, ನಾನು ಕೇಳ್ತೀನಿ," ಅಂದರು. ನಗುತ್ತಲೇ ಅಂದರು. ಯಜಮಾನರು ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಟ್ಟರು.

ಕೊಟ್ಟಿಗೆಯಿಂದ ವಾಪಸ್ಸಾಗುವಾಗ ತೀರ್ಮಾನ ಮಾಡಿಕೊಂಡೇ ಬಂದಿದ್ದರು. "ದೊಡ್ ಮಿಷನ್ನೇ ಹಾಕು. ಅದ್ರಲ್ಲಿ ನಿದ್ದೆ ಬಂದಿತ್ತಲ್ಲ. ಸುತ್ತ ಪೆಟ್ಟಿಗೆ ಕಟ್ಟಿರ್ತದಂತಲ್ಲ, ಹೊಗೆ ಮೇಲಕ್ಕೆ ಬುಡೋದು, ಅದು ತಕ್ಕೊಳವ. ಮೇವಿಗೂ ಆಯ್ತದೆ."

ನಾನೂ ಹೂಂ ಅಂದೆ. ಸದ್ದು ಹೊರಬರದಂತೆ ಪೆಟ್ಟಿಗೆ ಕಟ್ಟಿದ ದೊಡ್ಡ ಡೀಸೆಲ್ ಮಿಷನ್ನು. ಅದರ ಭಾರಕ್ಕೆ ಚಾಸಿಯ ಹಿಂಭಾಗವನ್ನೇ ಬಲಪಡಿಸಬೇಕು, ಪಟ್ಟಾ ಸ್ಪ್ರಿಂಗಿಗೆ ಇನ್ನೊಂದು ಉಕ್ಕಿನ ಎಲೆ ಸೇರಿಸಬೇಕು. ಪಾಂಡವಪುರದ ವೆಲ್ಡಿಂಗಿನವನಿಗೆ ಮಾತಾಡಿ, ಅಳತೆ ತೆಗೆದುಕೊಳ್ಳಲು ಮತ್ತೆ ಅವರ ಊರಿಗೆ ಹೋದೆ. ಅಳತೆ ಮುಗಿಸಿದ ಮೇಲೆ ಊಟಕ್ಕೆ ಕರೆದರು. ಬಿಸಿ ಮುದ್ದೆ, ಹುರುಳಿ ಬಸ್ಸಾರು. ಉಂಡು ಜಗಲಿಯ ಮೇಲೆ ಕೂತೆ. ಅಕ್ಕ ಕಂಬಕ್ಕೆ ಒರಗಿ ಕಾಲು ಚಾಚಿಕೊಂಡಿದ್ದವರು, ಮಾತಾಡುತ್ತಾ ಮಾತಾಡುತ್ತಾ ಹಾಗೇ ತೂಗಿದರು. ಬಾಯಿ ಸ್ವಲ್ಪ ತೆರೆದಿತ್ತು. ಎದುರಿನ ತೋಟದಲ್ಲಿ ಪಂಪ್‌ಸೆಟ್ಟು ಓಡುತ್ತಿತ್ತು, ಸಣ್ಣದೇನಲ್ಲ ಅದರ ಸದ್ದು. ರಸ್ತೆಯಲ್ಲಿ ಒಂದು ಟ್ರಾಕ್ಟರು ಹಾಡು ಹಾಕಿಕೊಂಡು ಹೋಯಿತು. ಅಕ್ಕ ಅಲುಗಲಿಲ್ಲ.

ಆಮೇಲೆ ಕರೆಂಟು ಹೋಯಿತು. ಪಂಪ್‌ಸೆಟ್ಟಿನ ಸದ್ದು ಇಳಿದು ನಿಂತಿತು. ಊರೆಲ್ಲ ನಿಶ್ಶಬ್ದ.

ಅಕ್ಕ ಫಕ್ಕನೆ ಕಣ್ಣು ಬಿಟ್ಟು ನೆಟ್ಟಗೆ ಕೂತರು. "ಮೋಟ್ರು ನಿಂತೋಯ್ತಾ?"

ಆ ಮೋಟಾರು ಅವರದೂ ಅಲ್ಲ, ಪಕ್ಕದವರದು.

ಒಳಗಿನಿಂದ ಯಜಮಾನರ ದನಿಯೂ ಬಂತು, ಅವರೂ ಮಲಗಿದ್ದವರು: "ಕರೆಂಟ್ ಓಯ್ತೇನ್ಲಾ?"

ನಾನು ಎದ್ದು ನಿಂತೆ. ಗದ್ದೆಗೆ ನೀರು ಹಾಯಿಸುವ ಮನೆಗಳಲ್ಲಿ ಹುಟ್ಟಿ ಬೆಳೆದ ಕಿವಿ ಅದು. ನನ್ನ ಕಿವಿಯೂ ಅಂಥದ್ದೇ, ಚಿಕ್ಕಂದಿನಲ್ಲಿ ನಮ್ಮಜ್ಜಿ ಮೋಟಾರು ನಿಂತ ಕ್ಷಣಕ್ಕೆ ಚಾಪೆಯಿಂದ ಏಳುತ್ತಿದ್ದುದನ್ನು ಕಂಡಿದ್ದೇನೆ. ಮೋಟಾರು ಒಂದೇ ಸಮ ಓಡುತ್ತಿದ್ದರೆ ನೀರು ಹರಿಯುತ್ತಿದೆ, ಎಲ್ಲ ಸರಿಯಿದೆ, ಮಲಗು ಎಂದು ಅರ್ಥ. ಸದ್ದು ಬದಲಾದರೆ ಕರೆಂಟು ಹೋಗಿದೆ, ಇಲ್ಲವೇ ನೀರು ಎತ್ತುತ್ತಿಲ್ಲ, ಇಲ್ಲವೇ ಮೋಟಾರು ಸುಡುತ್ತಿದೆ, ಏಳು ಎಂದು ಅರ್ಥ. ನನ್ನ ಜಾಣ ಜನರೇಟರು ಫ್ರಿಜ್ಜಿನ ಜೊತೆಗೆ ಏರಿ ಇಳಿದು, ಏರಿ ಇಳಿದು, ಪ್ರತಿ ಸಲವೂ ಅಕ್ಕನಿಗೆ ಏಳು ಏಳು ಅನ್ನುತ್ತಿತ್ತು. ಎಷ್ಟು ಸದ್ದು ಎಂದು ಅಳೆದಿದ್ದೆ. ಎಂಥ ಸದ್ದು ಎಂದು ಕೇಳಿಸಿಕೊಂಡಿರಲಿಲ್ಲ.

"ಅಕ್ಕ, ಇವತ್ತು ಇನ್ನೊಂದ್ಸಲ ಬಸ್ಸಲ್ಲಿ ಮಲಗ್ತೀರಾ?"

"ಈಗ್ತಾನೇ ಕಣ್ಣು ಬುಟ್ಟಿದ್ದೀನಿ. ನಿದ್ದೆ ಏನ್ ಕೊಳಾಯಿ ನೀರೇನಪ್ಪ, ತಿರುಗಿಸ್ದಾಗೆಲ್ಲ ಬರಕ್ಕೆ?"

ಮಾರನೆಯ ದಿನ ಮಲಗಿದರು. ಆ ಪುಟ್ಟ ಜನರೇಟರಿನಲ್ಲಿ ವೇಗ ತಾನೇ ಹೊಂದಿಸಿಕೊಳ್ಳುವುದಕ್ಕೆ ಒಂದು ಸ್ವಿಚ್ಚಿದೆ, ಅದನ್ನು ಆರಿಸಿದೆ. ಅದು ಪೂರ್ತಿ ವೇಗಕ್ಕೆ ಏರಿ ಅಲ್ಲೇ ನಿಂತಿತು. ಸದ್ದು ಮೊದಲಿಗಿಂತ ಜಾಸ್ತಿಯೇ. ಫ್ರಿಜ್ಜು ಹತ್ತಿ ಆರಿದರೂ ಅದೇ ರಾಗ. ಭಾಮೈದ ಕಿಟಕಿಯಲ್ಲಿ ಇಣುಕಿ, ಬಾಯಿಗೆ ಬೆರಳಿಟ್ಟುಕೊಂಡು ಬೆಕ್ಕಿನ ಹೆಜ್ಜೆಯಲ್ಲಿ ವಾಪಸ್ಸು ಬಂದ. ಸಂಜೆ ಹಸುಗಳು ಕೂಗುವ ತನಕ ಅಕ್ಕ ಏಳಲಿಲ್ಲ, ಎದ್ದಾಗ ತಲೆನೋವೂ ಇರಲಿಲ್ಲ.

"ಸರಿ ಬುಡು, ರಾತ್ರಿ ಎಲ್ಲ ಇಂಗೇ ಓಡಿಸವ!" ಎಂದರು ಯಜಮಾನರು.

ನಾನು ಆಗುವುದಿಲ್ಲ ಎಂದೆ. ಸಾಂಬ್ರಾಣಿಯ ಎಳೆ ನನ್ನ ಕಣ್ಣ ಮುಂದೆಯೇ ಇತ್ತು. ಇಲ್ಲಿ ಕಣದಲ್ಲಿ ದೂರ ಇಟ್ಟೆವು, ಗಾಳಿ ಯಾವ ಕಡೆ ಎಂದು ಗೊತ್ತು, ಮೂರು ಜನ ಎಚ್ಚರವಾಗಿ ಕಾವಲಿದ್ದೆವು. ಗೊತ್ತಿಲ್ಲದ ಊರಲ್ಲಿ, ಎಲ್ಲರೂ ಮಲಗಿದ ಮೇಲೆ, ಗಾಳಿ ದಿಕ್ಕು ಬದಲಿಸಿದರೆ ಏಳುವವರು ಯಾರು? ಮನುಷ್ಯರು ಮಲಗಿರುವಾಗ ಎಂಜಿನ್ ಓಡಕೂಡದು, ಅಷ್ಟೇ.

"ಅಂಗಾದ್ರೆ ನಿದ್ದೆ?"

"ಒಂದೇ ಸಮ ಸದ್ದು ಎಂಜಿನ್ನಿಂದಲೇ ಬರ್ಬೇಕು ಅಂತ ಏನಿಲ್ಲವಲ್ಲಣ್ಣ. ಅಕ್ಕ, ನೀವು ಮನೇಲಿ ಮಲಗುವಾಗ ಯಾವ ಫ್ಯಾನು?"

ಒಳಗಿನಿಂದ ತಂದು ತೋರಿಸಿದರು. ಹಳೆಯ ಟೇಬಲ್ ಫ್ಯಾನು, ಕಬ್ಬಿಣದ ಪಾದ, ಹಸಿರು ರೆಕ್ಕೆ. ಹಾಕಿದರೆ ಜೇನುಗೂಡಿನ ಹಾಗೆ ಭೊರ್ ಅನ್ನುತ್ತದೆ, ಬೆಳಗಿನ ತನಕ ಅದೇ ಶ್ರುತಿ. ನಾನು ಹಾಕಿದ್ದ ಹೊಸ ಫ್ಯಾನು ಬಿಚ್ಚಿ, ಅದನ್ನು ಮಂಚದ ತುದಿಯಲ್ಲಿ ಬೋಲ್ಟು ಕೊಟ್ಟು ನಿಲ್ಲಿಸಿದೆ. ಒಂದು ಲಿಥಿಯಂ ಬ್ಯಾಟರಿಯನ್ನು ಇನ್ವರ್ಟರಿಗೆ ಜೋಡಿಸಿ ಓಡಿಸಿದರೆ ರಾತ್ರಿಯಿಡೀ ಈ ಫ್ಯಾನಿಗೂ ಫ್ರಿಜ್ಜಿಗೂ ದೀಪಕ್ಕೂ ಸಾಕಾಗುತ್ತಿತ್ತು. ಹಾಗಾದರೆ ಜನರೇಟರಿನ ಕೆಲಸ ಏನು? ಹಗಲು ಎಲ್ಲಾದರೂ ನಿಂತಾಗ ಆ ಬ್ಯಾಟರಿ ತುಂಬಿಸುವುದು. ಅಷ್ಟಕ್ಕೆ ಪುಟ್ಟದ್ದೇ ಧಾರಾಳ. ಏಸಿ ಬೇಡ ಎಂದು ಅಕ್ಕ ಮೊದಲೇ ಮನಸ್ಸಿನಲ್ಲಿ ಅಂದುಕೊಂಡಿದ್ದರಂತೆ. ಯಾರೂ ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.

ಎಂಜಿನ್ ಇಲ್ಲದೆ, ಬರೀ ಬ್ಯಾಟರಿ, ಫ್ಯಾನು ಇಟ್ಟುಕೊಂಡು ಇನ್ನೊಂದು ಮಧ್ಯಾಹ್ನ ಮಲಗಿಸಿ ನೋಡಿದೆವು. ಓರಗಿತ್ತಿ ಬಂದು ಬಾಗಿಲು ಬಡಿದು, "ಅಕ್ಕೋ, ಡೈರಿಗೆ ಒತ್ತಾಯ್ತು!" ಎಂದು ಕೂಗಬೇಕಾಯಿತು.

ಉಳಿದದ್ದು ಮೇವಿನ ಮಿಷನ್ನು. ಯಜಮಾನರು ಕಣದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಾಡುತ್ತಿದ್ದರು. "ಎಲ್ಲ ಸರಿ. ಆದ್ರೆ ಮೇವಿಗೆ ಬರಾಕಿಲ್ವಲ್ಲ ಇದು. ಬರೀ ತಿರುಗಾಡಕ್ಕೆ ಅಂತ ಮಿಷನ್ ತಂದ್ರೆ ಊರೋರು ಏನಂದಾರು?"

ಅಕ್ಕ ಹಾಲಿನ ಕ್ಯಾನು ಕೆಳಗಿಟ್ಟರು. "ಮೇವು ಕತ್ರಿಸೋ ಮಿಷನ್ನನ್ನೇ ಕಟ್ಕಂಡು ತಿರುಗೋದಾದ್ರೆ ನಿಮ್ ಜೊತೇಲಿ ಅದನ್ನೇ ಕರ್ಕಂಡ್ ಓಗಿ. ನಂಗ್ಯಾಕೆ ಮಂಚ?"

ಭಾಮೈದ ಮುಖ ಆ ಕಡೆ ತಿರುಗಿಸಿಕೊಂಡು ನಕ್ಕ. ಯಜಮಾನರು ನನ್ನ ಕಡೆ ಕೈ ಬೀಸಿದರು. "ಟಿಪನ್ ಕ್ಯಾರಿಯರ್‌ನೇ ತಂದ್ಬುಡಪ್ಪ."

ಅಂಥದ್ದೇ ಹೊಸದೊಂದನ್ನು ತಂದೆವು. ಬಸ್ಸಿನ ಪಕ್ಕೆಯಲ್ಲಿ ಹೊರಗಿನಿಂದ ಬಾಗಿಲಿರುವ ಪೆಟ್ಟಿಗೆ ಮಾಡಿಸಿದೆ. ಅದು ಪ್ರಯಾಣದಲ್ಲಿ ಜನರೇಟರು ಕೂರುವ ಜಾಗ ಮಾತ್ರ. ಓಡಿಸಬೇಕಾದರೆ ಎತ್ತಿ ಹೊರಗೆ ತಂದು, ವೈರು ಪೂರ್ತಿ ಬಿಚ್ಚಿ, ಗಾಳಿ ನೋಡಿ ದೂರ ಇಡಬೇಕು. ಗಾಳಿ ನೋಡುವುದಕ್ಕೆ ಒಂದು ಹಿಡಿ ಹೊಟ್ಟು ತೂರಿದರೆ ಆಯಿತು ಎಂದು ಭಾಮೈದನಿಗೆ ಹೇಳಿಕೊಟ್ಟೆ. ರಾಗಿ ತೂರಿದ ಕೈ ಅವನದು, ನನಗಿಂತ ಚೆನ್ನಾಗಿ ಬಲ್ಲ. ಪೆಟ್ರೋಲಿನ ಸಣ್ಣ ಕ್ಯಾನಿಗೆ ಗಾಳಿಯಾಡುವ ಬೇರೆ ಗೂಡು. ಒಳಗೆ ಮಂಚದ ಹತ್ತಿರ ಆ ವಿಷದ ಗಾಳಿ ಸುಳಿದರೆ ಕೂಗುವ ಒಂದು ಪುಟ್ಟ ಯಂತ್ರವನ್ನೂ ಗೋಡೆಗೆ ಬಡಿದೆ. ಅದು ಬೇಕಾಗಲಾರದು. ಆದರೂ ಇರಲಿ ಎಂದೆ, ಅಕ್ಕನ ಆ ಸಪ್ಪೆ ಮುಖ ನೆನಪಾಗಿ.

ಕಬ್ಬು ಕಟಾವಿನ ಕೆಲಸ ಮುಗಿಸಿಕೊಂಡು ಅವರು ಹೊರಟರು. ಮೊದಲ ರಾತ್ರಿ ಹೊಳೆಯ ದಂಡೆಯ ಯಾವುದೋ ಊರಲ್ಲಿ ತಂಗಿದ್ದರು. ಮರುದಿನ ನಾನು ಶೆಡ್ಡಿನ ಬಾಗಿಲು ತೆರೆದು ಕಸ ಗುಡಿಸುತ್ತಿದ್ದಾಗ ಯಜಮಾನರ ಫೋನು ಬಂತು. ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

"ಬಿಸ್ಲು ಬಂದ್ಬುಟ್ಟದೆ ಕಣಪ್ಪ. ಇವಳು ಇನ್ನೂ ಎದ್ದಿಲ್ಲ. ಇಷ್ಟೊತ್ತಿನ್ ಗಂಟ ಮನಗಿದ್ದು ನಾನ್ ಕಂಡೇ ಇಲ್ಲ. ಎಬ್ಬಿಸ್ಲಾ, ಬ್ಯಾಡ್ವಾ?"

ನಾನು ಪೊರಕೆ ಕೆಳಗೆ ಬಿಟ್ಟೆ. "ಜನರೇಟರ್ ಎಲ್ಲಿದೆ ಅಣ್ಣ?"

"ಪೆಟ್ಟಿಗೇಲೇ ಅದೆ. ರಾತ್ರಿ ಮುಟ್ಟೇ ಇಲ್ಲ. ಮಗ್ಗುಲು ಬದ್ಲಾಯಿಸ್ತಾವ್ಳೆ, ಗೊರಕೆ ಒಡೀತಾವ್ಳೆ. ಚೆನ್ನಾಗವ್ಳೆ."

"ಹಾಗಿದ್ರೆ ಬಿಡಿ, ಎಬ್ಬಿಸ್ಬೇಡಿ."

"ಟೀ?"

"ನೀವೇ ಕಾಯ್ಸಿ."

ಆ ಕಡೆ ಫ್ಯಾನು ಭೊರ್ ಅನ್ನುತ್ತಿತ್ತು. ಆಮೇಲೆ ಅವರು ಇನ್ನೂ ಮೆಲ್ಲಗೆ ಭಾಮೈದನನ್ನು ಕೇಳಿದರು, "ಲೇ, ಸಕ್ಕರೆ ಡಬ್ಬ ಎಲ್ಲಿ ಮಡಗವ್ಳೆ ನೋಡ್ಲಾ."